ಹಜಾರದ ಮೂಲೆಯ ಕಣ್ಣು

ನಮ್ಮ ಮನೆಯ ಹಜಾರದಲ್ಲಿ ಪಶ್ಚಿಮದ ಗೋಡೆಯೂ ಉತ್ತರದ ಗೋಡೆಯೂ ಕೂಡುವ ಮೂಲೆಯಲ್ಲಿ, ನೆಲದಿಂದ ಏಳೂವರೆ ಅಡಿ ಎತ್ತರಕ್ಕೆ, ಹಿಡಿಗಾತ್ರದ ಬಿಳಿಯ ಪೆಟ್ಟಿಗೆಯೊಂದು ಕುಳಿತಿದೆ. ಬಂದವರ ದೃಷ್ಟಿ ಒಂದಲ್ಲ ಒಂದು ಸಲ ಅದರ ಮೇಲೆ ಬೀಳದೆ ಇರುವುದಿಲ್ಲ. ಸೊಳ್ಳೆಯನ್ನು ಓಡಿಸುವ ಯಂತ್ರವೇ ಎಂದು ಕೇಳಿದವರುಂಟು. ನಮ್ಮ ಷಡ್ಡಕರೊಬ್ಬರು ಅದನ್ನು ಕ್ಯಾಮರಾವೆಂದು ಭ್ರಮಿಸಿ, ಊಟವಾದ ಮೇಲೆ ಅಂಗಿಯಿಲ್ಲದೆ ಹಜಾರದಲ್ಲಿ ಮಲಗುವ ವಾಡಿಕೆಯನ್ನು ಬಿಟ್ಟು, ಎರಡು ದಿನವೂ ಒಳಕೋಣೆಯ ಸೆಕೆಯಲ್ಲಿ ಬೆಂದರು. ಅದು ಚಿತ್ರವನ್ನು ತೆಗೆಯುವುದಿಲ್ಲ, ಮಾತನ್ನು ಕೇಳುವುದಿಲ್ಲ. ಮೈಬಿಸಿಯುಳ್ಳ ಪ್ರಾಣಿಯೊಂದು ತನ್ನ ಮುಂದೆ ಹಾದುಹೋಯಿತೆಂಬ ಒಂದೇ ಸಂಗತಿಯನ್ನು ತಂತಿಯ ಮೂಲಕ ಹೇಳಿ ಸುಮ್ಮನಾಗುತ್ತದೆ. ಅಂಗಡಿಯವರು ಇದನ್ನು ಮೋಷನ್ ಸೆನ್ಸರ್ ಎನ್ನುವರು. ನಮ್ಮ ಮನೆಯವರು ಕಣ್ಣು ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಬರೆಯುತ್ತೇವೆ. ಇಂತಹ ಕಣ್ಣುಗಳನ್ನು ಆರಿಸುವುದರಲ್ಲಿಯೂ, ಅವುಗಳನ್ನು ಇಡತಕ್ಕ ಸ್ಥಳವನ್ನು ಗೊತ್ತುಮಾಡುವುದರಲ್ಲಿಯೂ ನಾವು ತಪ್ಪಿದೆವು. ಆ ತಪ್ಪಿನ ಬೆಲೆಯನ್ನು ತೆತ್ತವರು ಮಾತ್ರ ನಾವಲ್ಲ. ಆದುದರಿಂದಲೇ ಇದನ್ನು ಬರೆಯಬೇಕೆನಿಸಿತು.

ನಾವು ಶಾಲೆಯ ಕೆಲಸದಿಂದ ನಿವೃತ್ತರಾದುದು 2023ರಲ್ಲಿ. ಆ ವರ್ಷದ ದೀಪಾವಳಿ ಕಳೆದ ಮೇಲೆ ನಾವಿಬ್ಬರೂ ಶಿವಮೊಗ್ಗಕ್ಕೆ ಮಗಳ ಮನೆಗೆ ಹೋಗಿ ನಾಲ್ಕು ದಿನವಿದ್ದು ಬಂದೆವು. ನಮ್ಮದು ಮೈಸೂರಿನ ಹಳೆಯ ಕೇರಿಯೊಂದರಲ್ಲಿರುವ ಹೆಂಚಿನ ಮನೆ. ಮುಂಬಾಗಿಲ ಬೀಗವು ಹಾಕಿದಂತೆಯೇ ಇದ್ದಿತು. ಒಳಗೆ ಹೋಗಿ ನೋಡಿದರೆ ಅಡಿಗೆಯ ಮನೆಯಿಂದ ಆಕಾಶವು ಕಾಣುತ್ತಿತ್ತು. ಹತ್ತು ಹನ್ನೆರಡು ಮಂಗಳೂರು ಹೆಂಚುಗಳನ್ನು ಒಂದನ್ನೂ ಒಡೆಯದೆ ತೆಗೆದು ಪಕ್ಕಕ್ಕೆ ಜೋಡಿಸಿಟ್ಟು, ಎರಡು ರೀಪುಗಳನ್ನು ಕೊಯ್ದು, ಕಳ್ಳನು ಇಳಿದಿದ್ದನು. ದೇವರ ಮನೆಯ ಬೆಳ್ಳಿಯ ಪಂಚಪಾತ್ರೆ, ಉದ್ಧರಣೆ, ಆರತಿಯ ತಟ್ಟೆ, ಬೀರುವಿನಲ್ಲಿದ್ದ ನಮ್ಮ ಅತ್ತೆಯವರ ಕಾಲದ ಎರಡು ಬಳೆಗಳು ಹೋಗಿದ್ದವು. ಪೊಲೀಸಿನವರು ಬಂದರು, ಬರೆದುಕೊಂಡರು, ಬೀಗದಕೈ ಇನ್ನಾರ ಬಳಿ ಇದ್ದಿತೆಂದು ಕೇಳಿದರು. ಹದಿನಾರು ವರ್ಷಗಳಿಂದ ನಮ್ಮಲ್ಲಿ ಪಾತ್ರೆ ತೊಳೆದು ಮನೆ ಗುಡಿಸುತ್ತಿದ್ದಾಕೆಯ ಬಳಿ ಒಂದು ಇದ್ದಿತು. ತುಳಸಿಗೆ ನೀರು ಹಾಕುವುದಕ್ಕೆಂದು ನಾವೇ ಕೊಟ್ಟದ್ದು. ಹಾಗೆಂದು ಹೇಳಿದೆವು. ಹೆಂಚು ತೆಗೆದು ಇಳಿದವನಿಗೆ ಬೀಗದಕೈ ಏತಕ್ಕೆ ಎಂಬ ಪ್ರಶ್ನೆಯು ಆಗ ನಮಗೆ ಹೊಳೆಯಲಿಲ್ಲವೆಂದರೆ ಸುಳ್ಳಾದೀತು. ಹೊಳೆಯಿತು, ಬಾಯಿಗೆ ಬರಲಿಲ್ಲ. ಆಕೆಯನ್ನು ಎರಡು ದಿನ ಕರೆಸಿಕೊಂಡು ಬೆಳಗಿನಿಂದ ದೀಪ ಹಚ್ಚುವವರೆಗೆ ಕೂರಿಸಿದರು. ಏನೂ ಸಿಕ್ಕಲಿಲ್ಲ, ಸಿಕ್ಕುವಂತಹುದು ಏನೂ ಇರಲಿಲ್ಲ. ಮೂರನೆಯ ದಿನದಿಂದ ಆಕೆ ನಮ್ಮ ಮನೆಗೆ ಬರುವುದನ್ನು ಬಿಟ್ಟಳು.

ನಾವು ಮೂವತ್ತು ವರ್ಷಕ್ಕೂ ಮಿಕ್ಕು ಸಂಸ್ಕೃತವನ್ನು ಕಲಿಸಿದವರು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಕೊರೆಯುವ ಕಥೆಯನ್ನು ಹೇಳುವಾಗ ಹುಡುಗರು ನಕ್ಕು ನಕ್ಕು ಹಣ್ಣಾಗುತ್ತಿದ್ದರು. ಸುಟ್ಟ ಇಟ್ಟಿಗೆಯ ಗೋಡೆಗೊಂದು ಉಪಾಯ, ಹಸಿಯ ಇಟ್ಟಿಗೆಗೊಂದು, ಮಣ್ಣಿನ ಗೋಡೆಗೊಂದು, ಮರಕ್ಕೊಂದು ಎಂದು ಅವನು ಶಾಸ್ತ್ರವನ್ನೇ ಹೇಳುವನು. ಅಳತೆಯ ದಾರವನ್ನು ಮರೆತು ಬಂದುದರಿಂದ ಯಜ್ಞೋಪವೀತವನ್ನು ಹಿಡಿದು ಅಳೆಯುವನು. ಆದರೆ ಕಳವು ತಿಳಿದ ಮೇಲೆ ಚಾರುದತ್ತನಿಗಾಗುವ ದುಃಖವಿದೆಯಷ್ಟೆ, ಅದು ಒಡವೆಗಳು ಹೋದುವೆಂದಲ್ಲ. ಬಡವನಾದ ತನ್ನ ಮನೆಯಲ್ಲಿ ಕಳವಾಯಿತೆಂದರೆ ಲೋಕವು ನಂಬದೆ ತನ್ನನ್ನೇ ಶಂಕಿಸುವುದೆಂದು. ಇದನ್ನು ನಾವು ಪ್ರಶ್ನಪತ್ರಿಕೆಯಲ್ಲಿ ಐದು ಅಂಕಗಳಿಗೆ ಕೇಳುತ್ತಿದ್ದೆವು. ನಮಗೆ ಆ ಐದು ಅಂಕಗಳು ಬರುತ್ತಿದ್ದುವೋ ಇಲ್ಲವೋ!

ಪುಷ್ಯಮಾಸದಲ್ಲಿ ನಮ್ಮ ಮನೆಯವರೇ ಆಕೆಯ ಮನೆಗೆ ಹೋಗಿ ಕರೆದರು. "ಬರ್ತೀನಿ ಅಮ್ಮಾವ್ರೇ, ಬೀಗದಕೈ ಮಾತ್ರ ಕೊಡಬೇಡಿ" ಎಂದಳಂತೆ. ಅಂದಿನಿಂದ ನಾವಿಲ್ಲದ ಹೊತ್ತಿನಲ್ಲಿ ಆಕೆ ಪಕ್ಕದ ಓಣಿಯಿಂದ ಹಿತ್ತಿಲಿಗೆ ಬಂದು, ಹೊರಗಿಟ್ಟ ಪಾತ್ರೆಗಳನ್ನು ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿ ಹೋಗುತ್ತಿದ್ದಳು.

2024ರ ಫೆಬ್ರವರಿಯಲ್ಲಿ ಅಂಗಡಿಯೊಂದರವರಿಂದ ಕಳ್ಳಗಂಟೆಯನ್ನು ಹಾಕಿಸಿದೆವು. ನಾಲ್ಕು ಕಣ್ಣು, ಬಾಗಿಲುಗಳಿಗೆ ಅಯಸ್ಕಾಂತದ ತುಂಡುಗಳು, ಒಂದು ಪ್ಯಾನೆಲ್ಲು, ಸೂರಿನ ಕೆಳಗೊಂದು ಹೂಟರು. ಎರಡು ಗಂಟೆಗೆ ಬಂದ ಕೆಲಸಗಾರರು ಐದು ಗಂಟೆಗೆ ಹೊರಟೇಹೋದರು. ಕಣ್ಣುಗಳನ್ನು ಎಲ್ಲಿಡಬೇಕೆಂದು ನಮ್ಮನ್ನು ಕೇಳಲಿಲ್ಲ; ಕೇಳಿದ್ದರೂ ನಾವು ಹೇಳಬಲ್ಲವರಾಗಿರಲಿಲ್ಲ. ಏಣಿಯನ್ನು ಒರಗಿಸಲು ಅನುಕೂಲವಾದಲ್ಲಿ ಮೊಳೆ ಹೊಡೆದರೆಂಬುದು ಆಮೇಲೆ ತಿಳಿಯಿತು.

ಮಾರ್ಚಿ ತಿಂಗಳ ಒಂದು ದಿನ ನಾವಿಬ್ಬರೂ ಗಂಟೆಯ ಕಾವಲಿಗೆ ಮನೆಯನ್ನೊಪ್ಪಿಸಿ ಪಿಂಚಣಿಯ ಕಾಗದದ ಕೆಲಸಕ್ಕೆ ಹೋಗಿದ್ದೆವು. ನಾಲ್ಕು ಗಂಟೆಯ ಸುಮಾರಿಗೆ ಹೂಟರು ಕೂಗಿಕೊಂಡಿತು. ನೆರೆಯವರು ಧರ್ಮದಿಂದಲೇ ಓಡಿಬಂದರು. ಮುಂಬಾಗಿಲು ಭದ್ರವಾಗಿದೆ, ಹಿತ್ತಿಲಿಗೆ ಹೋಗಿ ನೋಡಿದರೆ ನಮ್ಮ ಹಿತ್ತಾಳೆಯ ತಂಬಿಗೆಯನ್ನು ಹಿಡಿದುಕೊಂಡು ಆಕೆ ನಿಂತಿದ್ದಾಳೆ. ನಾವು ಬರುವವರೆಗೆ ಮುಕ್ಕಾಲು ಗಂಟೆ ಆಕೆಯನ್ನು ಹೊರಡಗೊಡಲಿಲ್ಲ. ನಾವು ಬಂದಾಗ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ನಮ್ಮ ಕಡೆ ನೋಡಲಿಲ್ಲ. "ಅಮ್ಮಾವ್ರೇ, ಪಾತ್ರೆ ಎಣಿಸಿಕೊಳ್ಳಿ" ಎಂದಳು. ನಾಲ್ಕು ತಿಂಗಳ ಹಿಂದೆ ಪೊಲೀಸಿನವರ ಮುಂದೆ ಆಡಬೇಕಾಗಿದ್ದ ಮಾತನ್ನು ನಾವು ಆಗ, ನೆರೆಯವರೆಲ್ಲರ ಎದುರಿಗೆ ಆಡಿದೆವು. ತಡವಾಗಿ ಆಡಿದ ಮಾತಿಗೆ ಎಷ್ಟು ಬೆಲೆಯುಂಟೋ ಅಷ್ಟೇ ಅದಕ್ಕೂ ಬಂದಿತು.

ಹೂಟರು ಕೂಗಿದುದೇಕೆ? ಮನೆಯೊಳಗೆ ನರಪ್ರಾಣಿ ಇರಲಿಲ್ಲ. ಇದನ್ನು ಕಂಡುಹಿಡಿದವನು ನಮ್ಮ ಹಳೆಯ ಶಿಷ್ಯನೊಬ್ಬ. ಶಬ್ದರೂಪಗಳಲ್ಲಿ ಒಮ್ಮೆಯೂ ತೇರ್ಗಡೆಯಾಗದವನು. ಈಗ ಮನೆಗಳಿಗೆ ವಿದ್ಯುತ್ತಿನ ಕೆಲಸವನ್ನೂ ಇಂತಹ ಗಂಟೆಗಳ ಕೆಲಸವನ್ನೂ ಮಾಡಿಕೊಂಡು ಗೌರವವಾಗಿ ಬಾಳುತ್ತಿದ್ದಾನೆ. ಅವನು ಹಜಾರದ ನಡುವೆ ನಿಂತು, "ಮೇಷ್ಟ್ರೇ, ಈ ಕಣ್ಣು ನೇರವಾಗಿ ಪಡುವಣದ ಕಿಟಕಿಯನ್ನೇ ನೋಡುತ್ತಿದೆಯಲ್ಲ, ಸಂಜೆಯ ಬಿಸಿಲು ಇದಕ್ಕೆ ಕಳ್ಳನಂತೆಯೇ ಕಾಣುತ್ತೆ" ಎಂದನು. ಆ ಸಂಜೆ ಅವನು ಗುರು, ನಾವು ಶಿಷ್ಯರು.

ಬಿಸಿಯಾದ ಪ್ರತಿಯೊಂದು ವಸ್ತುವೂ ನಮ್ಮ ಕಣ್ಣಿಗೆ ಕಾಣದ ಕಿರಣಗಳನ್ನು ಬೀರುತ್ತದೆ. 1800ರಲ್ಲಿ ವಿಲಿಯಂ ಹರ್ಷಲನು ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಒಡೆದು, ಕೆಂಪಿನ ಅಂಚಿನಿಂದ ಆಚೆಗೆ, ಏನೂ ಕಾಣದ ಕತ್ತಲೆಯಲ್ಲಿ ಉಷ್ಣಮಾಪಕವನ್ನಿಟ್ಟಾಗ ಪಾದರಸವು ಏರಿತು. ಅವೇ ಅವಕೆಂಪು ಕಿರಣಗಳು. ಮನುಷ್ಯನ ಮೈ ಬೀರುವ ಕಿರಣವು ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಸುಮಾರು ಹತ್ತರಷ್ಟು ಅಲೆಯುದ್ದವುಳ್ಳದ್ದು. ಅದನ್ನು ಅರಿಯುವ ಹರಳು ಪೆಟ್ಟಿಗೆಯೊಳಗಿದೆ. ಕಾವು ಬದಲಾದಾಗ ತನ್ನ ಮೈಮೇಲೆ ವಿದ್ಯುತ್ತನ್ನು ತೋರುವುದು ಅದರ ಗುಣ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಡಚ್ಚರು ಸಿಂಹಳದಿಂದ ಕೊಂಡೊಯ್ದ ಟೂರ್ಮಲಿನ್ ಎಂಬ ರತ್ನಕ್ಕೂ ಇದೇ ಗುಣವಿದ್ದು, ಕೆಂಡದ ಬಳಿಯಿಟ್ಟರೆ ಅದು ಬೂದಿಯನ್ನು ಎಳೆದುಕೊಳ್ಳುತ್ತಿತ್ತಂತೆ. ಆದುದರಿಂದ ಅವರು ಅದಕ್ಕೆ ಬೂದಿಯೆಳೆಯುವ ಕಲ್ಲೆಂದೇ ಹೆಸರಿಟ್ಟರು. ಹರಳಿನ ತುಂಡುಗಳು ಎರಡು. ಅವುಗಳನ್ನು ಒಂದಕ್ಕೊಂದು ವಿರೋಧವಾಗಿ ಜೋಡಿಸಿರುತ್ತಾರೆ. ಕೋಣೆಯೆಲ್ಲ ಒಟ್ಟಿಗೆ ಕಾದರೆ ಒಂದರ ಮಾತನ್ನು ಇನ್ನೊಂದು ಅಳಿಸಿಬಿಡುತ್ತದೆ. ಬಿಸಿಯಾದುದೊಂದು ಮೊದಲು ಒಂದರ ಮುಂದೆ, ಆಮೇಲೆ ಇನ್ನೊಂದರ ಮುಂದೆ ಸರಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಮುಂದುಗಡೆಯ ಹಾಲುಬಣ್ಣದ ಮುಚ್ಚಳವು ಬರಿಯ ಮುಚ್ಚಳವಲ್ಲ. ಫ್ರಾನ್ಸಿನ ಫ್ರೆನೆಲ್ ಎಂಬಾತನು ದೀಪಸ್ತಂಭಗಳಿಗಾಗಿ ರೂಪಿಸಿ, 1823ರಲ್ಲಿ ಕೋರ್ದುವಾನಿನ ದೀಪಸ್ತಂಭದಲ್ಲಿ ಬೆಳಗಿಸಿದ ಗೀರುಗೀರಾದ ಮಸೂರವನ್ನೇ ಪ್ಲಾಸ್ಟಿಕ್ಕಿನಲ್ಲಿ ಎರಕಹೊಯ್ದದ್ದು. ಅದು ಹಜಾರವನ್ನು ಬೀಸಣಿಗೆಯ ಕಡ್ಡಿಗಳಂತೆ ಸೀಳಿ ನೋಡುತ್ತದೆ. ಕಡ್ಡಿಯಿಂದ ಕಡ್ಡಿಗೆ ಅಡ್ಡವಾಗಿ ದಾಟುವವನು ಒಡನೆ ಸಿಕ್ಕಿಬೀಳುತ್ತಾನೆ. ಒಂದೇ ಕಡ್ಡಿಯ ಉದ್ದಕ್ಕೆ ಕಣ್ಣಿನ ಕಡೆಗೇ ನೆಟ್ಟಗೆ ನಡೆದುಬರುವವನು ಬಹಳ ಹತ್ತಿರ ಬರುವವರೆಗೆ ತಪ್ಪಿಸಿಕೊಳ್ಳಬಹುದು.

ಇಷ್ಟು ತಿಳಿದೊಡನೆ ಅಂಗಡಿಯವರ ನಾಲ್ಕು ಕಣ್ಣುಗಳ ದೋಷವೂ ನಮಗೆ ಪಾಠದಂತೆ ತೆರೆದುಕೊಂಡಿತು. ತರ್ಕಶಾಸ್ತ್ರದಲ್ಲಿ ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳುವರು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಒಳಬರುವುದು, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುವುದು, ಅದು ಅವ್ಯಾಪ್ತಿ. ಒಂಟಿ ಗೊರಸುಳ್ಳದ್ದು ಹಸು ಎಂದರೆ ಯಾವ ಹಸುವೂ ಸಿಕ್ಕದು, ಅದು ಅಸಂಭವ. ಹಜಾರದ ಕಣ್ಣು ಬಿಸಿಲನ್ನು ಕಳ್ಳನೆಂದುದು ಅತಿವ್ಯಾಪ್ತಿ. ಗಾಜು ಮನುಷ್ಯನ ಮೈಯ ಕಿರಣವನ್ನು ತಡೆಯುವುದಾದರೂ ಬಿಸಿಲನ್ನು ತಡೆಯದು. ಮೋಡ ಸರಿದಂತೆಲ್ಲ ಕಿಟಕಿಯ ಪರದೆಯೂ ಕೆಂಪು ಗಾರೆಯ ನೆಲವೂ ಕಾದು ಆರಿ ಕಾದು, ಮೇಲೆ ಪರದೆಯು ಗಾಳಿಗೆ ಅಲುಗುತ್ತಿದ್ದರೆ ಕೇಳಬೇಕೆ? ಅಡಿಗೆಯ ಮನೆಯಿಂದ ಬರುವ ನಡುವಂಕಣದ ತುದಿಯಲ್ಲಿ ಎದುರುಮುಖವಾಗಿ ಇಟ್ಟ ಕಣ್ಣಿನದು ಅವ್ಯಾಪ್ತಿ. ಅಲ್ಲಿ ಬರುವವನು ಒಂದೇ ಕಡ್ಡಿಯನ್ನು ಹಿಡಿದು ಬರುತ್ತಾನೆ. ದೇವರ ಮನೆಯೊಳಗಿನ ಕಣ್ಣು ನಂದಾದೀಪವನ್ನೇ ದಿಟ್ಟಿಸುತ್ತಿತ್ತು. ಅಸಂಭವಕ್ಕೆ ಉದಾಹರಣೆಯನ್ನು ನಾವೇ ಆ ವರ್ಷದ ದಸರೆಯಲ್ಲಿ ಒದಗಿಸಿದೆವು: ಬೊಂಬೆ ಕೂರಿಸುವ ಮೆಟ್ಟಿಲುಗಳನ್ನು ಹಜಾರದ ಕಣ್ಣಿನ ಮುಂದೆಯೇ ಜೋಡಿಸಿ, ಒಂಬತ್ತು ದಿನವೂ ಅದು ಪಟ್ಟದ ಬೊಂಬೆಗಳ ಬೆನ್ನನ್ನು ನೋಡುವಂತೆ ಮಾಡಿದ್ದೆವು.

ಶಿಷ್ಯನು ಕಣ್ಣುಗಳನ್ನು ಕಿತ್ತನು. ಹಜಾರದ್ದನ್ನು ಕಿಟಕಿಯಿರುವ ಗೋಡೆಯ ಮೂಲೆಗೇ ತಂದು, ಕಿಟಕಿಗೆ ಬೆನ್ನಾಗುವಂತೆ ಕೂರಿಸಿದನು. ಊರಿಗೆ ಹೊರಡುವಾಗ ಕಿಟಕಿಯ ಮರದ ಬಾಗಿಲನ್ನು ಹಾಕತಕ್ಕದ್ದೆಂದು ಕಟ್ಟಪ್ಪಣೆಯಾಯಿತು. ಮೂಲೆಯಲ್ಲಿಟ್ಟರೆ ಎರಡು ಗೋಡೆಗಳ ನಡುವಿನ ತೊಂಬತ್ತು ಅಂಶವೂ ಅದರ ನೋಟಕ್ಕೆ ಸಿಕ್ಕುತ್ತದೆ. ನಲವತ್ತು ಅಡಿಯವರೆಗೆ ಕಾಣುವ ಶಕ್ತಿಯುಳ್ಳದ್ದು ನಮ್ಮ ಇಪ್ಪತ್ತು ಅಡಿಯ ಹಜಾರಕ್ಕೆ ಧಾರಾಳ. ಎತ್ತರವು ಏಳರಿಂದ ಎಂಟು ಅಡಿ. ತೀರ ಮೇಲಕ್ಕೇರಿಸಿದರೆ ಮಸೂರವು ಎಣಿಸಿದ ಕಡೆಗೆ ಅದರ ದೃಷ್ಟಿ ಬೀಳದು. ನಡುವಂಕಣದ ಕಣ್ಣನ್ನು ಪಕ್ಕದ ಗೋಡೆಗೆ ತಿರುಗಿಸಿದನು. ದೇವರ ಮನೆಯ ಕಣ್ಣನ್ನು ತೆಗೆದೇಬಿಟ್ಟನು. ಬೆಳ್ಳಿ ಇರುವುದೇ ಅಲ್ಲಿ ಎಂದು ನಾವು ತಡೆದೆವು. "ಬೆಳ್ಳಿಯನ್ನು ಕಾಯಬೇಡಿ ಮೇಷ್ಟ್ರೇ, ಬೆಳ್ಳಿಗೆ ಹೋಗುವ ದಾರಿಯನ್ನು ಕಾಯಿರಿ. ಹಜಾರ ದಾಟದೆ ದೇವರ ಮನೆಗೆ ಯಾರು ಹೋದಾರು?" ಎಂದನು. ಶರ್ವಿಲಕನೂ ಮೊದಲು ನೋಡಿದ್ದು ಗೋಡೆಯನ್ನು, ಬಳಿಕ ಒಡವೆಯನ್ನು.

ಅಡಿಗೆಯ ಮನೆಯದು ಕಷ್ಟದ ಪ್ರಶ್ನೆ. ಹೆಂಚಿನ ಕೆಳಗಿನ ಕಾವು, ಒಲೆ, ಹಲ್ಲಿ ಎಲ್ಲವೂ ಅಲ್ಲಿಯೇ. ಹಲ್ಲಿಯೆಂದರೆ ವಾಚಕರು ನಗಬಾರದು. ದೂರದಲ್ಲಿರುವ ಆನೆಗಿಂತ ಮಸೂರದ ಮೇಲೆಯೇ ಹರಿಯುವ ಹಲ್ಲಿಯು ಈ ಕಣ್ಣಿಗೆ ದೊಡ್ಡದು. ತಂತಿ ಬರುವ ತೂತಿನಿಂದ ಇರುವೆಗಳು ಒಳಹೊಕ್ಕು ಸಂಸಾರ ಹೂಡುವುದೂ ಉಂಟು. ಆದುದರಿಂದ ತೂತನ್ನು ಸಿಲಿಕೋನ್ ಮೆತ್ತಿ ಮುಚ್ಚಬೇಕು. ಇಲ್ಲಿಗೆ ಅವನು ಎರಡು ಬಗೆಯ ಅರಿವುಳ್ಳ ಬೇರೊಂದು ಕಣ್ಣನ್ನು ತರಿಸಿದನು. ಅದರಲ್ಲಿ ಕಾವನ್ನರಿಯುವ ಹರಳಿನ ಜೊತೆಗೆ, ಸೂಕ್ಷ್ಮತರಂಗಗಳನ್ನು ತಾನೇ ಬೀರಿ, ಅವು ಮರಳಿ ಬಂದಾಗ ಮೊದಲಿನಂತೆಯೇ ಇವೆಯೇ ಎಂದು ನೋಡುವ ಅಂಗವೂ ಇದೆ. 1842ರಲ್ಲಿ ಡಾಪ್ಲರನು ಹೇಳಿದ ತತ್ತ್ವವದು; ದೂರದಿಂದ ಬರುವ ರೈಲಿನ ಸಿಳ್ಳು ನಮ್ಮನ್ನು ದಾಟಿದೊಡನೆ ಇಳಿಯುವುದನ್ನು ಎಲ್ಲರೂ ಕೇಳಿರುವರು. ಹರಳು ಅಡ್ಡ ನಡೆಯುವವನನ್ನು ಚೆನ್ನಾಗಿ ಹಿಡಿದರೆ, ಈ ಅಂಗವು ಎದುರಿಗೆ ಬರುವವನನ್ನು ಚೆನ್ನಾಗಿ ಹಿಡಿಯುತ್ತದೆ; ಎರಡೂ ಒಪ್ಪಿದ ಹೊರತು ಗಂಟೆಯು ಬಾರಿಸದು. ಬಿಸಿಲು ಹರಳನ್ನು ಮೋಸಗೊಳಿಸಬಹುದು, ಸೂಕ್ಷ್ಮತರಂಗವನ್ನಲ್ಲ. ಆದರೆ ಈ ತರಂಗಗಳು ಮರದ ಬಾಗಿಲನ್ನೂ ಗಾಜನ್ನೂ ತೂರಿ ಹೊರಗೆ ಹೋಗುವುದರಿಂದ, ಹಿತ್ತಿಲಲ್ಲಿ ನಿಂತವರೂ ಅವಕ್ಕೆ ಕಾಣಬಹುದು. ನಮ್ಮ ಮನೆಯಲ್ಲಿ ಅದೊಂದು ಆಗಕೂಡದು. ಅದರ ದೂರವನ್ನು ಕಡಮೆಮಾಡುವ ತಿರುಪನ್ನು ಶಿಷ್ಯನು ಮೂರು ಸಲ ತಿರುಗಿಸಿ, ಮೂರು ಸಲವೂ ತಾನೇ ಹಿತ್ತಿಲಲ್ಲಿ ಓಡಾಡಿ ನೋಡಿದನು.

ಬೆಕ್ಕು ನಾಯಿಗಳಿಗೆ ಕೂಗದ ಕಣ್ಣೆಂದು ಮಾರುವುದುಂಟು. ನೆಲದ ಮೇಲಿನ ಚಿಕ್ಕ ಪ್ರಾಣಿಯನ್ನು ಅದು ಬಿಟ್ಟುಬಿಡುವುದು ನಿಜ. ಅದೇ ಬೆಕ್ಕು ಬೀರುವಿನ ಮೇಲೆ ಹತ್ತಿ ಕುಳಿತರೆ ಬಿಡುವುದಿಲ್ಲ. ನಮ್ಮಲ್ಲಿ ಬೆಕ್ಕಿಲ್ಲ, ಬೆಳಕಿಂಡಿಯಿಂದ ಬರುವ ಬೀದಿಯ ಬೆಕ್ಕಿದೆ. ಬೆಳಕಿಂಡಿಗೆ ಜಾಲರಿ ಹಾಕಿಸಿ ಆ ಹಣವನ್ನು ಉಳಿಸಿದೆವು. ಏಪ್ರಿಲಿನ ಸೆಕೆಯಲ್ಲಿ ಗೋಡೆಯೂ ಮನುಷ್ಯನ ಮೈಯಷ್ಟೇ ಬಿಸಿಯಾದಾಗ ಕಣ್ಣು ಮಂಕಾಗದಂತೆ, ಕೋಣೆಯ ಕಾವಿಗೆ ತಕ್ಕಂತೆ ತನ್ನ ಚುರುಕನ್ನು ಹೊಂದಿಸಿಕೊಳ್ಳುವಂತಹುದನ್ನೇ ಕೊಳ್ಳಬೇಕು. ನಮ್ಮ ದೇಶಕ್ಕೆ ಇದು ಮುಖ್ಯ.

ತಂತಿಯಿಲ್ಲದ ಕಣ್ಣುಗಳೂ ಪೇಟೆಯಲ್ಲಿವೆ. ನಾವು ತಂತಿಯವನ್ನೇ ಉಳಿಸಿಕೊಂಡುದು ಹಳಬರ ಹಟದಿಂದಲ್ಲ; ಒಂದೊಂದು ಕಣ್ಣಿನ ಬ್ಯಾಟರಿಯನ್ನೂ ನೆನಪಿಟ್ಟು ಬದಲಿಸುವ ವಯಸ್ಸು ನಮ್ಮದಲ್ಲವೆಂದು. ಎರಡು ತಂತಿ ಹನ್ನೆರಡು ವೋಲ್ಟಿನ ವಿದ್ಯುತ್ತನ್ನು ತರುತ್ತವೆ, ಎರಡು ಸುದ್ದಿಯನ್ನು ಒಯ್ಯುತ್ತವೆ, ಇನ್ನೆರಡು ಪೆಟ್ಟಿಗೆಯ ಮುಚ್ಚಳವನ್ನು ಯಾರಾದರೂ ತೆಗೆದರೆ ಹೇಳುತ್ತವೆ. ಸುದ್ದಿಯ ತಂತಿಯಲ್ಲಿ ಯಾವಾಗಲೂ ವಿದ್ಯುತ್ತು ಹರಿಯುತ್ತಿರುತ್ತದೆ. ಹರಿವು ನಿಂತುದೇ ಅಪಾಯದ ಸೂಚನೆ, ಆದುದರಿಂದ ತಂತಿಯನ್ನು ಕತ್ತರಿಸಿದವನು ತಾನೇ ಗಂಟೆ ಬಾರಿಸಿದಂತಾಗುವುದು. ಕತ್ತರಿಸದೆ ಎರಡನ್ನೂ ಕೂಡಿಸಿಬಿಟ್ಟರೋ? ಅದಕ್ಕಾಗಿ ಸಾಲಿನ ತುದಿಯಲ್ಲಿ ಸಣ್ಣ ರೆಸಿಸ್ಟರನ್ನು ಬೆಸೆಯುವರು. ಅಳತೆ ತಪ್ಪಿದರೆ ಪ್ಯಾನೆಲ್ಲಿಗೆ ಗೊತ್ತಾಗುತ್ತದೆ. ಅಂಗಡಿಯವರು ಅದನ್ನು ಕಣ್ಣಿನೊಳಗೆ ಬೆಸೆಯುವುದಕ್ಕೆ ಬದಲಾಗಿ ಪ್ಯಾನೆಲ್ಲಿನ ಪೆಟ್ಟಿಗೆಯಲ್ಲೇ ಬೆಸೆದು ಹೋಗಿದ್ದರು. ಬಾಗಿಲಿನ ಅಗುಳಿಯನ್ನು ಬೀದಿಯ ಕಡೆಗೆ ಹಾಕಿದಂತೆ!

ಇನ್ನು ರಾತ್ರಿಯ ಮಾತು. ನಮ್ಮ ಮನೆಯವರು ನಾಲ್ಕೂವರೆಗೆ ಏಳುವರು. ಎದ್ದವರು ಹಜಾರವನ್ನು ದಾಟದೆ ಬಚ್ಚಲಿಗೆ ಹೋಗಲಾರರು. ಆದುದರಿಂದ ರಾತ್ರಿ ಒಳಗಿನ ಕಣ್ಣುಗಳಲ್ಲಿ ಅಡಿಗೆಯ ಮನೆಯದನ್ನು ಬಿಟ್ಟು ಉಳಿದವನ್ನು ಮಲಗಿಸಿ, ಬಾಗಿಲುಗಳ ಅಯಸ್ಕಾಂತಗಳನ್ನು ಮಾತ್ರ ಎಚ್ಚರವಾಗಿಡುವ ಏರ್ಪಾಡಾಯಿತು. ಕಳವಾದ ಮೇಲೆ ಒಂದು ರಾತ್ರಿಯೂ ನೆಟ್ಟಗೆ ನಿದ್ರಿಸದವರು ಆ ವಾರ ನಮಗಿಂತ ತಡವಾಗಿ ಎದ್ದರು. ನಾವು ಕಾಫಿ ಮಾಡಿಕೊಂಡೆವು, ಚೆನ್ನಾಗಿರಲಿಲ್ಲ.

ಎಲ್ಲವನ್ನೂ ಕೂರಿಸಿದ ಮೇಲೆ ನಡೆದು ನೋಡುವ ಪರೀಕ್ಷೆ. ಕಣ್ಣಿನೊಳಗೊಂದು ಕೆಂಪು ದೀಪವಿದ್ದು, ಕಂಡಾಗಲೆಲ್ಲ ಮಿನುಗುತ್ತದೆ. ನಾವು ನಡೆದೆವು, ಶಿಷ್ಯನು ತೆವಳಿದನು. ದೀಪವು ತಪ್ಪದೆ ಮಿನುಗಿತು. ಬಾಗಿಲ ಬಳಿ ನೋಡುತ್ತಿದ್ದ ಮನೆಗೆಲಸದಾಕೆಯು ನಮ್ಮ ಮನೆಯವರ ಕಿವಿಯಲ್ಲಿ ಏನನ್ನೋ ಹೇಳಿದಳು. ಏನೆಂದು ಕೇಳಿದರೆ ಹೇಳಲೊಲ್ಲಳು. ಬಹಳ ಹೊತ್ತಿನ ಮೇಲೆ, "ನನಗೊಂದು ಜಾಗ ಗೊತ್ತು. ತೋರಿಸಿದರೆ ನಾಳೆ ನನ್ನ ಮೇಲೇ ಬರುತ್ತೆ" ಎಂದಳು. ನಾವು ಉತ್ತರ ಕೊಡಲಿಲ್ಲ; ಕೊಡುವ ಅಧಿಕಾರವು ನಮಗೆ ಉಳಿದಿರಲಿಲ್ಲ. ನಮ್ಮ ಮನೆಯವರೇ "ತೋರಿಸಮ್ಮ" ಎಂದರು. ಆಕೆ ಪೊರಕೆಯನ್ನು ಹಿಡಿದು, ದಿನವೂ ಗುಡಿಸುವಂತೆ ಕುಕ್ಕರುಗಾಲಿನಲ್ಲಿ, ನಡುವಂಕಣದ ಗೋಡೆಯನ್ನೊತ್ತಿ, ಬೀರುವಿನ ಹಿಂದಿನ ಸಂದಿಯಿಂದ, ಉಯ್ಯಾಲೆಯ ಮಣೆಯ ಮರೆಯಲ್ಲಿ ಸರಿದು, ದೇವರ ಮನೆಯ ಹೊಸ್ತಿಲನ್ನು ಮುಟ್ಟಿ ಎದ್ದುನಿಂತಳು. ಹಜಾರದ ಕಣ್ಣು ಒಂದು ಸಲವೂ ಮಿನುಗಲಿಲ್ಲ. ಮನೆಯನ್ನು ಕಟ್ಟಿಸಿದವರ ಮೊಮ್ಮಗನಾದ ನಮಗೆ ತಿಳಿಯದ ದಾರಿ ಅದು. ಹದಿನಾರು ವರ್ಷ ಆ ನೆಲವನ್ನು ಗುಡಿಸಿದವಳಿಗೆ ತಿಳಿದಿತ್ತು. ಬೀರುವನ್ನು ಗೋಡೆಗೆ ಒತ್ತಿ ಸರಿಸಿ, ಕಣ್ಣನ್ನು ಒಂದು ಗೇಣು ಪಕ್ಕಕ್ಕೆ ತಂದೆವು. ಮತ್ತೆ ಅವಳನ್ನೇ ನಡೆಸಿದೆವು. ಮೂರನೆಯ ಹೆಜ್ಜೆಗೆ ದೀಪ ಹತ್ತಿತು. ಅಂದು ಮೊದಲ ಸಲ ಆಕೆ ನಕ್ಕಳು.

ಪ್ಯಾನೆಲ್ಲು ಒಬ್ಬೊಬ್ಬರಿಗೂ ಬೇರೆ ಬೇರೆ ಸಂಕೇತಾಂಕವನ್ನು ಕೊಡಬಲ್ಲುದು. ಯಾವ ಅಂಕದಿಂದ ಯಾವ ಗಳಿಗೆಯಲ್ಲಿ ಗಂಟೆಯನ್ನು ಮಲಗಿಸಿದರು, ಎಬ್ಬಿಸಿದರು ಎಂಬುದನ್ನು ಬರೆದಿಡುತ್ತದೆ. ಆಕೆಗೆ ಮೂರನೆಯ ಹೆಸರು. ನಾಲ್ಕು ಅಂಕಿಗಳನ್ನು ಆಕೆಯೇ ಒತ್ತಿದಳು. ನಾವು ಬೆನ್ನು ತಿರುಗಿಸಿ ನಿಂತಿದ್ದೆವು. ಬಾಗಿಲು ತೆರೆದ ಮೂವತ್ತು ಸೆಕೆಂಡಿನೊಳಗೆ ಒತ್ತಬೇಕು. ಮೊದಲ ದಿನ ಆ ಮೂವತ್ತರಲ್ಲಿ ಇಪ್ಪತ್ತೆಂಟು ಭಯದಲ್ಲಿಯೇ ಕಳೆದುವಂತೆ.

2024ರ ಡಿಸೆಂಬರಿನಲ್ಲಿ ನಾವಿಬ್ಬರೂ ಮತ್ತೆ ಶಿವಮೊಗ್ಗಕ್ಕೆ ಹೋಗಿ ನಾಲ್ಕು ದಿನವಿದ್ದೆವು. ಬಂದು ನೋಡಿದರೆ ತುಳಸಿಯ ಮಣ್ಣು ಹಸಿಯಾಗಿತ್ತು. ಪ್ಯಾನೆಲ್ಲಿನಲ್ಲಿ ಮೂರನೆಯ ಹೆಸರು ನಾಲ್ಕು ಬೆಳಗೂ ಏಳು ಗಂಟೆಗೆ ಬಂದು ಏಳೂವರೆಗೆ ಹೋಗಿತ್ತು. ಬೀಗದಕೈಯನ್ನು ಮಾತ್ರ ಆಕೆ ಇಂದಿಗೂ ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ. ಬೆಳಗ್ಗೆ ಪಕ್ಕದ ಮನೆಯ ಮೊಳೆಯಿಂದ ತೆಗೆದುಕೊಂಡು ಬರುತ್ತಾಳೆ. ಹೋಗುವಾಗ ಅಲ್ಲಿಯೇ, ಅವರು ನೋಡುತ್ತಿರುವಂತೆ, ತಗುಲಿಹಾಕಿ ಹೋಗುತ್ತಾಳೆ.